ಜೋಗಿಮಟ್ಟಿ: ಮಳೆಯನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಬೆಟ್ಟ

ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯಲ್ಲಿ ಬೆಳಗಿನ ನಡಿಗೆಗೆ ಹೊರಟವರನ್ನು ನಿಲ್ಲಿಸಿ, ಎದುರಿಗೆ ಕಾಣುವ ಕಾಡಿನಿಂದ ಊರಿಗೇನು ಪ್ರಯೋಜನ ಎಂದು ಕೇಳಿದರೆ ಬಹುಪಾಲು ಮಂದಿ ಕೊಡುವ ಉತ್ತರ ಒಂದೇ: ಜೋಗಿಮಟ್ಟಿ ಇರುವುದರಿಂದಲೇ ದುರ್ಗಕ್ಕೆ ಇಷ್ಟಾದರೂ ಮಳೆ ಬೀಳುತ್ತಿದೆ. ಈ ಮಾತನ್ನು ನಾನೂ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವನು, ಬಹಳ ವರ್ಷ ನಂಬಿದವನು. ಇದರಲ್ಲಿ ಅರ್ಧ ಸತ್ಯವಿದೆ. ಆದರೆ ಉಳಿದರ್ಧವನ್ನು ಬಿಡಿಸಿ ನೋಡದೆ ಹೋದರೆ ಈ ಕಾಡಿನ ನಿಜವಾದ ಬೆಲೆ ಎಲ್ಲಿದೆ, ಅದು ಯಾರಿಗೆ ಸಲ್ಲುತ್ತಿದೆ, ಅದಕ್ಕಾಗಿ ಯಾರು ಏನನ್ನು ಬಿಟ್ಟುಕೊಡುತ್ತಿದ್ದಾರೆ ಎಂಬ ಮೂರೂ ಪ್ರಶ್ನೆಗಳು ಮಸುಕಾಗಿಯೇ ಉಳಿಯುತ್ತವೆ.

ಚಿತ್ರದುರ್ಗ ಜಿಲ್ಲೆಯ ನಡುವೆ ವಾಯವ್ಯದಿಂದ ಆಗ್ನೇಯಕ್ಕೆ ಒಂದು ಬೆಟ್ಟಸಾಲು ಹಾದು ಹೋಗುತ್ತದೆ. ನಗರಕ್ಕೆ ದಕ್ಷಿಣದಲ್ಲಿ, ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರಕ್ಕೆ ಏರುವ ಅದರ ಒಂದು ಭಾಗವೇ ಜೋಗಿಮಟ್ಟಿ. ಇದೇ ಸಾಲು ಮುಂದೆ ಹಿರಿಯೂರಿನ ಕಡೆ ವೇದಾವತಿಗೆ ದಾರಿ ಬಿಟ್ಟ ಕಣಿವೆಯಲ್ಲಿ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಇದೆ. ಬಹುಕಾಲ ಮೀಸಲು ಅರಣ್ಯವಾಗಿದ್ದ ಜೋಗಿಮಟ್ಟಿಯ ಸುಮಾರು 100 ಚದರ ಕಿಲೋಮೀಟರ್ ಪ್ರದೇಶವನ್ನು 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಪತ್ರಿಕೆಯವರು ಇದನ್ನು ಪ್ರೀತಿಯಿಂದ ‘ದುರ್ಗದ ಊಟಿ’ ಎಂದು ಕರೆಯುವುದುಂಟು. ನನಗೆ ಆ ಹೋಲಿಕೆ ಹಿಡಿಸುವುದಿಲ್ಲ. ಊಟಿಯದು ಸದಾ ತೇವವಿರುವ ಶೋಲಾ ಕಾಡು. ಇದು ದಿಂಡಿಗ, ಕಮರ, ಮತ್ತಿ, ಕಗ್ಗಲಿ ಮರಗಳು ಬೇಸಿಗೆಗೆ ಎಲೆ ಉದುರಿಸಿ ಬರಿಕೊಂಬೆಗಳಲ್ಲಿ ನಿಲ್ಲುವ ಒಣ ಕಾಡು. ಫಾಲ್ಗುಣ ಮಾಸದಲ್ಲಿ ಬಂದು ನೋಡಿದ ಹೊರಊರಿನವರು ಕಾಡು ಸತ್ತಿದೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಹಾಗೆ ಎಲೆ ಉದುರಿಸುವುದು ಮರಗಳು ನೀರು ಉಳಿಸುವ ಉಪಾಯ.

ಮಳೆಯ ವಿಷಯಕ್ಕೆ ಬರೋಣ. ನೈರುತ್ಯ ಮಾರುತ ತಂದ ತೇವದ ಬಹುಭಾಗ ಪಶ್ಚಿಮಘಟ್ಟದ ಮೇಲೆಯೇ ಸುರಿದುಹೋಗುತ್ತದೆ. ಆಚೆಗೆ ಬಂದು ತಲುಪುವುದು ಗಾಳಿ ಹೆಚ್ಚು, ನೀರು ಕಡಿಮೆ. ಆದ್ದರಿಂದಲೇ ಜಿಲ್ಲೆಯ ಬಹುಪಾಲು ಪ್ರದೇಶದಲ್ಲಿ ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಆಸುಪಾಸಿನ ಮಳೆ, ಚಳ್ಳಕೆರೆ ಕಡೆಗೆ ಹೋದಂತೆ ಅದಕ್ಕಿಂತಲೂ ಕಡಿಮೆ. ಇಷ್ಟು ದೊಡ್ಡ ವ್ಯವಸ್ಥೆಯ ನಡುವೆ ನೂರು ಚದರ ಕಿಲೋಮೀಟರಿನ ಒಂದು ಕಾಡು ಮುಂಗಾರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ ಎನ್ನುವುದು ಅತಿಶಯೋಕ್ತಿ. ಬೆಟ್ಟದ ಎತ್ತರಕ್ಕೆ ತಾಗಿ ಮೇಲೇರಿದ ಗಾಳಿ ತಣ್ಣಗಾಗಿ ಮಂಜು ಕವಿಯುವುದು, ಒಂದೆರಡು ತುಂತುರು ಹೆಚ್ಚು ಬೀಳುವುದು ಸಾಧ್ಯ. ಆದರೆ ಆ ಕೆಲಸ ಮಾಡುವುದು ಬೆಟ್ಟದ ಎತ್ತರ, ಅದರ ಮೇಲಿನ ಮರವಲ್ಲ. ಕಾಡನ್ನು ಪೂರ್ತಿ ಕಡಿದು ಹಾಕಿದರೂ ಬೆಟ್ಟ ಅಲ್ಲೇ ಇರುತ್ತದೆ, ಮಳೆ ಹೆಚ್ಚುಕಡಿಮೆ ಈಗಿನಷ್ಟೇ ಬೀಳುತ್ತದೆ. ಬದಲಾಗುವುದು ಬಿದ್ದ ಮೇಲಿನ ಕಥೆ.

ಆ ಕಥೆಯ ಗಾತ್ರ ತಿಳಿಯಲು ಒಂದು ಸಣ್ಣ ಲೆಕ್ಕ ಹಾಕಬಹುದು. ನೂರು ಚದರ ಕಿಲೋಮೀಟರಿನ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ ಅದು ಆರು ಕೋಟಿ ಘನ ಮೀಟರ್, ಅಂದರೆ 6,000 ಕೋಟಿ ಲೀಟರ್ ನೀರು. ನಮಗೆ ಪರಿಚಿತವಾದ ಅಳತೆಯಲ್ಲಿ ಹೇಳುವುದಾದರೆ ಎರಡು ಟಿಎಂಸಿಗಿಂತ ಸ್ವಲ್ಪ ಹೆಚ್ಚು. ವಾಣಿವಿಲಾಸ ಸಾಗರದ ಪೂರ್ಣ ಸಾಮರ್ಥ್ಯ 30 ಟಿಎಂಸಿ ಚಿಲ್ಲರೆ. ಆ ದೊಡ್ಡ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದನ್ನು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂಬುದನ್ನು ನೆನೆದರೆ, ಈ ಸೀಮೆಯಲ್ಲಿ ಎರಡು ಟಿಎಂಸಿ ಎಂದರೆ ಎಷ್ಟು ಎಂಬುದು ಅರ್ಥವಾಗುತ್ತದೆ. ಇದರಲ್ಲಿ ಹೆಚ್ಚಿನ ಪಾಲು ಆವಿಯಾಗಿ, ಮರಗಿಡಗಳ ಎಲೆಯ ಮೂಲಕ ಮತ್ತೆ ಗಾಳಿಗೆ ಸೇರುತ್ತದೆ. ಗಟ್ಟಿ ಕಲ್ಲಿನ ನೆಲದಲ್ಲಿ ಕೆಳಕ್ಕಿಳಿದು ಅಂತರ್ಜಲವಾಗುವುದು ಹತ್ತರಲ್ಲೊಂದು ಪಾಲಿನ ಆಸುಪಾಸು. ಆ ಒಂದು ಪಾಲನ್ನೇ ಹಿಡಿದರೂ 600 ಕೋಟಿ ಲೀಟರ್. ತಲೆಗೆ ದಿನಕ್ಕೆ 100 ಲೀಟರಿನಂತೆ ಒಂದೂವರೆ ಲಕ್ಷ ಜನಕ್ಕೆ ವರ್ಷವಿಡೀ ಸಾಲುವಷ್ಟು. 2011ರ ಜನಗಣತಿಯ ಹೊತ್ತಿಗೆ ಚಿತ್ರದುರ್ಗ ನಗರದ ಜನಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು.

ಹಾಗೆಂದು ನಗರದ ನಲ್ಲಿಯಲ್ಲಿ ಬರುವುದು ಜೋಗಿಮಟ್ಟಿಯ ನೀರೇನಲ್ಲ. ಅದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ, ಅಂದರೆ ಶಾಂತಿಸಾಗರದಿಂದ, ಮತ್ತು ವಾಣಿವಿಲಾಸ ಸಾಗರದಿಂದ ಪೈಪಿನಲ್ಲಿ ಬರುವ ನೀರು. ಬೆಟ್ಟದ ನೀರು ಇಷ್ಟು ಕಣ್ಣಿಗೆ ಕಾಣುವ ದಾರಿಯಲ್ಲಿ ಹರಿಯುವುದಿಲ್ಲ. ಅದನ್ನು ನೋಡಬೇಕಾದರೆ ಮೊದಲು ಕಲ್ಲನ್ನು ನೋಡಬೇಕು.

ದುರ್ಗದ ಕೋಟೆ ನಿಂತಿರುವುದು ಬೋಳು ಹೆಬ್ಬಂಡೆಗಳ ಮೇಲೆ. ಗ್ರಾನೈಟ್ ಬಂಡೆಯ ಮೇಲೆ ಬಿದ್ದ ನೀರು ಒಂದು ಕ್ಷಣವೂ ನಿಲ್ಲದೆ ಜಾರುತ್ತದೆ. ಪಾಳೆಯಗಾರರ ಕಾಲದವರು ಈ ಜಾರುವ ಗುಣವನ್ನೇ ಉಪಯೋಗಿಸಿಕೊಂಡು ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಕೆಳಗೆ ಊರಿನಲ್ಲಿ ಸಿಹಿನೀರು ಹೊಂಡ, ಸಂತೆ ಹೊಂಡ ಎಂದು ಮೇಲಿನಿಂದ ಕೆಳಕ್ಕೆ ನೀರು ನಿಲ್ಲಿಸುವ ಏರ್ಪಾಡು ಮಾಡಿದರು. ಜೋಗಿಮಟ್ಟಿಯ ಕಲ್ಲಿನ ಜಾತಿಯೇ ಬೇರೆ. ಭೂವಿಜ್ಞಾನಿಗಳು ‘ಜೋಗಿಮರಡಿ’ ಶಿಲೆಗಳೆಂದೇ ಹೆಸರಿಟ್ಟಿರುವ ಇವು 250 ಕೋಟಿ ವರ್ಷಗಳಿಗೂ ಹಿಂದೆ ಜ್ವಾಲಾಮುಖಿಯಿಂದ ಹರಿದ ಲಾವಾ ಗಟ್ಟಿಯಾಗಿ, ಒತ್ತಡಕ್ಕೆ ಸಿಕ್ಕಿ ಪದರಪದರವಾಗಿ ಬದಲಾದವು. ಇದೇ ಪಟ್ಟಿಯಲ್ಲಿ ಐಮಂಗಲದ ಹತ್ತಿರದ ಮರಡಿಹಳ್ಳಿಯಲ್ಲಿ, ಸಮುದ್ರದ ನೀರಿನೊಳಗೆ ಹರಿದು ದಿಂಬಿನಾಕಾರದಲ್ಲಿ ಹೆಪ್ಪುಗಟ್ಟಿದ ಲಾವಾ ಇದ್ದು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದೆ. ಬೆಟ್ಟದ ಬುಡದ ಇಂಗಳದಾಳದಲ್ಲಿ ಹಿಂದೆ ತಾಮ್ರ ತೆಗೆಯುತ್ತಿದ್ದದ್ದೂ ಈ ಶಿಲೆಗಳ ಪಟ್ಟಿಯಿಂದಲೇ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇಷ್ಟು: ಪದರುಗಳ ನಡುವೆ, ಸೀಳುಗಳಲ್ಲಿ ನೀರಿಳಿಯಲು ಸಂದುಗಳಿವೆ. ಆದರೆ ಆ ಸಂದಿನ ಬಾಯಿಯವರೆಗೆ ನೀರು ತಲುಪಬೇಕಾದರೆ ಅದು ಇಳಿಜಾರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಿಲ್ಲಿಸುವ ಕೆಲಸ ಕಾಡಿನದು.

ಇದನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದು. ಎರಡೂ ಕಡೆ ತೆರೆದ ಒಂದು ಹಳೆಯ ಎಣ್ಣೆ ಡಬ್ಬ, ಒಂದು ಲೀಟರ್ ನೀರು ಸಾಕು. ರಕ್ಷಿತ ಪ್ರದೇಶದ ಒಳಗೂ ಹೋಗಬೇಕಿಲ್ಲ, ಬೆಟ್ಟದ ಬುಡದ ಯಾವುದಾದರೂ ಹೊಲದ ಬದು, ತೋಪು ಸಾಲುತ್ತದೆ. ಮರದಡಿ ತರಗೆಲೆ ಸರಿಸಿ ಡಬ್ಬವನ್ನು ಎರಡು ಬೆರಳಿನಷ್ಟು ಆಳಕ್ಕೆ ಒತ್ತಿ ನೀರು ಸುರಿಯಬೇಕು. ನಾನು ಮಾಡಿ ನೋಡಿದಾಗ, ಎಲೆಯಡಿಕೆ ಮಡಚಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ನೀರು ಇಂಗಿ ಹೋಗಿತ್ತು. ಕೆಳಗಿನ ಮಣ್ಣು ಕೈಗೆ ಹಿಟ್ಟಿನ ಉಂಡೆಯಂತೆ ಸಿಗುತ್ತಿತ್ತು, ಅದರಲ್ಲಿ ಬೇರಿನ ಎಳೆ, ಗೆದ್ದಲಿನ ಸುರಂಗ, ಎರೆಹುಳದ ರಂಧ್ರ ಎಲ್ಲವೂ ಇದ್ದವು. ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ, ದನಕುರಿ ದಿನವೂ ಓಡಾಡಿ ಮೆಟ್ಟಿದ ದಾರಿಯಲ್ಲಿ ಅದೇ ಡಬ್ಬ ಒತ್ತಲು ಕಲ್ಲಿನಿಂದ ಕುಟ್ಟಬೇಕಾಯಿತು. ಸುರಿದ ನೀರು ಕೆಂಪಗೆ ರಾಡಿಯಾಗಿ, ಆಕಾಶ ಕಾಣಿಸುತ್ತಾ ಹಾಗೆಯೇ ನಿಂತಿತ್ತು. ಎರಡೂ ಒಂದೇ ಮಣ್ಣು, ಒಂದೇ ಇಳಿಜಾರು. ದುರ್ಗದಲ್ಲಿ ಉತ್ತರೆ, ಹಸ್ತ, ಚಿತ್ತೆಯ ಮಳೆಗಳು ಗುಡುಗು ಸಿಡಿಲಿನೊಂದಿಗೆ ಬಂದರೆ ಒಂದೇ ಸಂಜೆ ಕೆರೆಗೆ ನೀರು ತುಂಬುವಷ್ಟು ಸುರಿದು ಹೋಗುತ್ತವೆ; ಅಂಥ ಸಂಜೆ ಮೆಟ್ಟಿದ ನೆಲ ನೀರನ್ನೂ ಮಣ್ಣನ್ನೂ ಒಟ್ಟಿಗೆ ಹಳ್ಳಕ್ಕೆ ಕಳುಹಿಸುತ್ತದೆ, ತರಗೆಲೆಯ ನೆಲ ಎರಡನ್ನೂ ಆದಷ್ಟು ಹಿಡಿದುಕೊಳ್ಳುತ್ತದೆ.

ಹಾಗಾದರೆ ಮರ ಹೆಚ್ಚಿದಷ್ಟೂ ನೀರು ಹೆಚ್ಚೇ? ಈ ಪ್ರಶ್ನೆಗೆ ಹೌದು ಎಂದು ಬಿಡುವುದು ಸುಲಭ, ಗಿಡ ನೆಡುವ ಸಮಾರಂಭಗಳಲ್ಲಿ ಹಾಗೆಯೇ ಹೇಳುತ್ತಾರೆ. ಮರವೂ ನೀರು ಕುಡಿಯುತ್ತದೆ. ಮಳೆ ಕಡಿಮೆಯಿರುವ ಕಡೆ ವರ್ಷವಿಡೀ ಹಸಿರಾಗಿದ್ದು ಬೇಗ ಬೆಳೆಯುವ ಜಾತಿಯನ್ನು ಒತ್ತೊತ್ತಾಗಿ ನೆಟ್ಟರೆ, ಇಂಗಿದ್ದಕ್ಕಿಂತ ಹೀರಿದ್ದೇ ಹೆಚ್ಚಾಗುವ ಸಾಧ್ಯತೆ ಇದೆ. ನೀಲಗಿರಿಯ ವಿಷಯದಲ್ಲಿ ಬಯಲುಸೀಮೆಯ ರೈತರು ದಶಕಗಳ ಕಾಲ ಹೇಳುತ್ತಾ ಬಂದದ್ದು ಇದನ್ನೇ. ಜೋಗಿಮಟ್ಟಿಯ ಸಹಜ ಕಾಡಿನಲ್ಲಿ ಮರಗಳು ದೂರದೂರಕ್ಕೆ ನಿಂತಿರುತ್ತವೆ, ನಡುವೆ ಬಾದೆ ಹುಲ್ಲು, ಕಾರೆ, ಕವಳೆಯ ಪೊದೆ. ನೀರಿನ ದೃಷ್ಟಿಯಿಂದ ಈ ಬಿಡಿಬಿಡಿಯಾದ ರೂಪವೇ ಸರಿಯಾದದ್ದು ಎಂಬುದು ನನ್ನ ಅಭಿಪ್ರಾಯ. ಹುಲ್ಲಿನ ಇಳಿಜಾರನ್ನು ‘ಖಾಲಿ ಜಾಗ’ವೆಂದು ತಿಳಿದು ಗುಂಡಿ ತೋಡಿ ಸಸಿ ತುಂಬಿಸುವುದು ಕಾಡಿಗೆ ಮಾಡುವ ಉಪಕಾರವಲ್ಲ.

ಹೀಗೆ ಇಳಿದ ನೀರು ಎಲ್ಲಿ ಮೇಲೆ ಬರುತ್ತದೆ? ಬೆಟ್ಟದೊಳಗಿನ ಹಿಮವತ್ ಕೇದಾರದಂಥ ತಾಣಗಳಲ್ಲಿ ಬಂಡೆಯ ಸಂದಿನಿಂದ ಜಿನುಗುವ ನೀರಾಗಿ. ಬುಡದ ಹಳ್ಳಿಗಳ ತೆರೆದ ಬಾವಿಗಳಲ್ಲಿ. ಹಳ್ಳಗಳ ಮರಳಿನಡಿಯ ಒರತೆಯಲ್ಲಿ. ಇತ್ತೀಚಿನ ದಶಕಗಳಲ್ಲಿ ದಾಳಿಂಬೆ, ಅಡಿಕೆ ತೋಟಗಳ ಕೊಳವೆಬಾವಿಗಳಲ್ಲಿ. ಮೇಲೆ ಹರಿದದ್ದು ಗೋಕಟ್ಟೆಗಳಿಗೆ, ಸಣ್ಣ ಕೆರೆಗಳಿಗೆ ಸೇರಿ, ಮಿಕ್ಕದ್ದು ಕೊನೆಗೆ ವೇದಾವತಿಯ ಪಾಲು. ಕೆರೆಯ ವಿಷಯದಲ್ಲಿ ಕಾಡಿನ ಇನ್ನೊಂದು ಉಪಕಾರವನ್ನು ನಾವು ಎಣಿಸುವುದೇ ಇಲ್ಲ: ಕಾಡಿರುವ ಕಡೆಯಿಂದ ಬರುವ ಹಳ್ಳ ಹೂಳು ಕಡಿಮೆ ತರುತ್ತದೆ. ಹೂಳೆತ್ತಲು ಖರ್ಚಾದ ಹಣದ ಲೆಕ್ಕ ಪಂಚಾಯಿತಿಯಲ್ಲಿ ಸಿಗುತ್ತದೆ, ಎತ್ತಬೇಕಾಗದೆ ಉಳಿದ ಹೂಳಿನ ಲೆಕ್ಕ ಎಲ್ಲಿಯೂ ಸಿಗುವುದಿಲ್ಲ.

ನೀರಿನಾಚೆಗೆ ಕಾಡು ಕೊಡುವ ಇನ್ನೊಂದು ದೊಡ್ಡ ಆದಾಯ ಸೀತಾಫಲ. ಮಳೆಗಾಲದ ಕೊನೆಗೆ ಬುಡದ ಹಳ್ಳಿಗಳ, ತಾಂಡಾಗಳ ಹೆಂಗಸರು ಬುಟ್ಟಿಯಲ್ಲಿ ತಂದು ಪೇಟೆಯ ರಸ್ತೆ ಬದಿ ಕೂರುತ್ತಾರೆ. ಹಣ್ಣಿನ ಮೈಮೇಲಿನ ಉಬ್ಬುಗಳ ನಡುವೆ ಕೆನೆಬಣ್ಣದ ಗೆರೆ ಅಗಲವಾದರೆ ಹಣ್ಣು ಕಣ್ಣು ಬಿಟ್ಟಿದೆ ಎನ್ನುತ್ತಾರೆ. ಕಣ್ಣು ಬಿಟ್ಟದ್ದನ್ನು ಕಿತ್ತು ಒಂದೆರಡು ದಿನ ಹುಲ್ಲಿನಲ್ಲಿಟ್ಟರೆ ಮೆತ್ತಗಾಗುತ್ತದೆ, ಬಿಡದ್ದನ್ನು ಕಿತ್ತರೆ ಕಲ್ಲಾಗಿಯೇ ಕಪ್ಪಾಗುತ್ತದೆ. ಈ ಗಿಡ ಮೂಲತಃ ಅಮೆರಿಕ ಖಂಡದ್ದು. ಹೊರಗಿನಿಂದ ಬಂದ ಗಿಡ ನಮ್ಮ ಬೆಟ್ಟಗಳಲ್ಲಿ ಇಷ್ಟೊಂದು ಹೇಗೆ ಹಬ್ಬಿತು ಎಂಬುದಕ್ಕೆ ಉತ್ತರ ಅದರ ಎಲೆಯಲ್ಲಿದೆ: ಎಲೆ ಕಹಿ, ಘಾಟು, ಎಲ್ಲವನ್ನೂ ತಿನ್ನುವ ಆಡು ಕೂಡ ಅದಕ್ಕೆ ಬಾಯಿ ಹಾಕುವುದಿಲ್ಲ. ಅಂದರೆ ಸೀತಾಫಲ ದಟ್ಟವಾಗಿರುವ ಇಳಿಜಾರು ಎಂದರೆ ಬಹುಕಾಲ ಮೇಯಿಸಿದ ಇಳಿಜಾರು ಎಂದು ಅರ್ಥ ಮಾಡಿಕೊಳ್ಳಬಹುದು. ಬಂಡೆಗಳಿಗೂ ಹೆಮ್ಮರಗಳಿಗೂ ಗೂಡು ಕಟ್ಟುವ ಹೆಜ್ಜೇನು ಹಲವು ಕಿಲೋಮೀಟರ್ ಹಾರಿ ಸೂರ್ಯಕಾಂತಿ, ಈರುಳ್ಳಿ ಬೀಜದ ಹೊಲಗಳಲ್ಲಿ ಪರಾಗಸ್ಪರ್ಶ ಮಾಡುತ್ತದೆ. ಅದಕ್ಕೆ ಕೂಲಿ ಕೊಟ್ಟವರಿಲ್ಲ.

ಇಲ್ಲಿಂದ ಮುಂದೆ ಕಾನೂನಿನ ಪ್ರವೇಶ. ಮೀಸಲು ಅರಣ್ಯ, ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನ ಎಂಬ ಮೂರು ಹೆಸರುಗಳನ್ನು ಜನ ಒಂದೇ ಎಂಬಂತೆ ಬಳಸುತ್ತಾರೆ. ಮೂರರ ನಡುವೆ ಹಳ್ಳಿಗರ ಮಟ್ಟಿಗೆ ದೊಡ್ಡ ವ್ಯತ್ಯಾಸವಿದೆ. ಮೀಸಲು ಅರಣ್ಯ ನಡೆಯುವುದು ರಾಜ್ಯದ 1963ರ ಅರಣ್ಯ ಕಾಯ್ದೆಯಂತೆ; ವನ್ಯಜೀವಿಧಾಮ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ. ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯಿಸುವುದಕ್ಕೆ ಅವಕಾಶವೇ ಇಲ್ಲ. ವನ್ಯಜೀವಿಧಾಮದಲ್ಲಿ ಮೇವನ್ನು ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗಿದೆ, ಅಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ, ಬೀಗದ ಕೈ ಮಾತ್ರ ಬೇರೆಯವರ ಹತ್ತಿರವಿದೆ. ಧಾಮದಿಂದ ಹೊರತೆಗೆಯಲು ಅನುಮತಿ ದೊರೆತ ಉತ್ಪನ್ನವನ್ನು ಒಳಗೆ ಮತ್ತು ಸುತ್ತಮುತ್ತ ವಾಸಿಸುವವರ ಸ್ವಂತ ಅಗತ್ಯಕ್ಕೆ ಬಳಸಬಹುದು, ವ್ಯಾಪಾರಕ್ಕೆ ಬಳಸುವಂತಿಲ್ಲ ಎಂದು ಕಾಯ್ದೆಯ 29ನೇ ಕಲಮು ಹೇಳುತ್ತದೆ. ಮನೆಗೆಂದು ತಂದ ಸೀತಾಫಲ ಮತ್ತು ಪೇಟೆಗೆಂದು ತಂದ ಸೀತಾಫಲ ಒಂದೇ ಬುಟ್ಟಿಯಲ್ಲಿದ್ದಾಗ ಈ ಗೆರೆಯನ್ನು ಎಲ್ಲಿ ಎಳೆಯುವುದು ಎಂಬುದು ಬುಟ್ಟಿ ಹೊತ್ತವಳಿಗೆ ನಿತ್ಯದ ಪ್ರಶ್ನೆ.

2006ರ ಅರಣ್ಯ ಹಕ್ಕು ಕಾಯ್ದೆ ಈ ಪ್ರಶ್ನೆಗೆ ಇನ್ನೊಂದು ದಾರಿ ತೆರೆಯುತ್ತದೆ. ಕಿರು ಅರಣ್ಯ ಉತ್ಪನ್ನದ ಮೇಲೆ, ಮೇವಿನ ಮೇಲೆ ಹಕ್ಕು ಕೇಳಲು ಅದರಲ್ಲಿ ಅವಕಾಶವಿದ್ದು, ಅದು ವನ್ಯಜೀವಿಧಾಮಗಳಿಗೂ ಅನ್ವಯಿಸುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಾಗಿದ್ದು ಕಾಡನ್ನು ಅವಲಂಬಿಸಿದ್ದನ್ನು ತೋರಿಸಬೇಕು. ಈ ಜಿಲ್ಲೆಯಲ್ಲಿ ಇದರ ಭಾರ ಬೀಳುವುದು ಕಾಡುಗೊಲ್ಲರ ಹಟ್ಟಿಗಳ ಮೇಲೆ. ಹೆಸರಿನಲ್ಲೇ ಕಾಡನ್ನು ಹೊತ್ತ, ಕುರಿ ಆಡುಗಳನ್ನೇ ಬದುಕಾಗಿಸಿಕೊಂಡ ಈ ಸಮುದಾಯ ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ಬಹುಕಾಲದಿಂದ ಒತ್ತಾಯಿಸುತ್ತಿದೆ. ಊರಿಂದ ಹೊರಗೆ, ಬೇಲಿ ಕಟ್ಟಿಕೊಂಡು, ಮಂದೆಯ ಹಿಂದೆ ಅಲೆದವರ ಹತ್ತಿರ 75 ವರ್ಷದ ಕಾಗದ ಎಲ್ಲಿಂದ ಬರಬೇಕು? ನೆಲದ ಮೇಲೆ ಅವರ ಹೆಜ್ಜೆಯ ಸಾಕ್ಷಿ ಇದೆ, ಕಡತದಲ್ಲಿ ಇಲ್ಲ.

ಮೇವಿನ ಪ್ರಶ್ನೆಗೆ ಎರಡೂ ಬದಿಯಲ್ಲಿ ನ್ಯಾಯವಿದೆ. ಗೊರಸು ನೆಲವನ್ನು ಗಟ್ಟಿಮಾಡುತ್ತದೆ, ಚಿಗುರಿದ ಸಸಿಯನ್ನು ಆಡು ಮೇಲೇಳಲು ಬಿಡುವುದಿಲ್ಲ. ಡಬ್ಬದ ನೀರು ನಿಂತದ್ದು ಅದಕ್ಕೇ. ಇನ್ನೊಂದು ಬದಿಯಲ್ಲಿ, ಮಂದೆಯನ್ನು ರಾತ್ರಿ ಹೊಲದಲ್ಲಿ ಕೂರಿಸಿಕೊಂಡು ರೈತರು ಕುರಿಗಾರರಿಗೆ ಕಾಳನ್ನೋ ಹಣವನ್ನೋ ಕೊಡುವುದು ಈ ಸೀಮೆಯ ಹಳೆಯ ರೂಢಿ. ಬೆಟ್ಟದ ಹುಲ್ಲು ಕುರಿಯ ಹೊಟ್ಟೆಯ ಮೂಲಕ ಹಿಕ್ಕೆಯಾಗಿ ಶೇಂಗಾ ಹೊಲಕ್ಕೆ, ರಾಗಿ ಹೊಲಕ್ಕೆ ಇಳಿಯುವ ದಾರಿ ಅದು. ಮೇವನ್ನು ಒಮ್ಮೆಲೇ ನಿಲ್ಲಿಸಿದರೆ ಈ ದಾರಿ ಕಡಿಯುತ್ತದೆ. ಜೊತೆಗೆ ಎದೆಮಟ್ಟ ಬೆಳೆದು ಒಣಗಿದ ಹುಲ್ಲು ಮಾಘ ಫಾಲ್ಗುಣಗಳಲ್ಲಿ ಕಡ್ಡಿ ಗೀರಿದರೆ ಸಾಕು ಎನ್ನುವ ಸ್ಥಿತಿಗೆ ಬರುತ್ತದೆ. ಬೆಂಕಿಗೆ ಕಾರಣ ಕೆಲವೊಮ್ಮೆ ಎಸೆದ ಬೀಡಿ, ಕೆಲವೊಮ್ಮೆ ಹೊಸ ಚಿಗುರು ಬರಲೆಂದು ಬೇಕೆಂದೇ ಹಚ್ಚಿದ್ದು. ಮುಂಗಾರುಪೂರ್ವದ ಮೊದಲ ದೊಡ್ಡ ಮಳೆ ಬೀಳುವ ಹೊತ್ತಿಗೆ ತರಗೆಲೆಯೆಲ್ಲ ಬೂದಿಯಾಗಿದ್ದರೆ, ಆ ವರ್ಷದ ಮಟ್ಟಿಗೆ ಕಾಡು ಇದ್ದೂ ಇಲ್ಲದಂತೆ. ನೀರು ಕಪ್ಪಗೆ ಹರಿದು ಹಳ್ಳ ಸೇರುತ್ತದೆ. ಅರಣ್ಯ ಸಿಬ್ಬಂದಿ ಬೇಸಿಗೆಗೆ ಮೊದಲೇ ಹುಲ್ಲು ಸವರಿ, ಸುಟ್ಟು ಬೆಂಕಿರೇಖೆ ಮಾಡುವುದು ಇದನ್ನು ತಡೆಯಲು. ಋತುವಿಗೆ ತಕ್ಕಂತೆ, ಇಳಿಜಾರು ಬದಲಿಸುತ್ತಾ, ಎಣಿಕೆಯಿಟ್ಟು ಕುರಿಗಳನ್ನು ಬಿಡುವುದು ಕಾಯ್ದೆಯ ಚೌಕಟ್ಟಿನೊಳಗೇ ಸಾಧ್ಯ ಎಂದು ನನಗನ್ನಿಸುತ್ತದೆ. ಆದರೆ ಅದಕ್ಕೆ ಹಟ್ಟಿಯವರನ್ನು ಕೂರಿಸಿ ಮಾತನಾಡುವ ತಾಳ್ಮೆ ಬೇಕು.

ಪ್ರಾಣಿಗಳೂ ಈ ನೀರಿನ ಲೆಕ್ಕದ ಹೊರಗಿಲ್ಲ. ಕರಡಿ ಗೆದ್ದಲು, ಬಾರೆ, ಸೀತಾಫಲ ತಿಂದು ಬೀಜ ಹರಡುತ್ತದೆ. ಬೇಸಿಗೆಯಲ್ಲಿ ಕಾಡಿನ ಗುಂಡಿಗಳು ಬತ್ತಿದಾಗ ಅದೇ ಕರಡಿ ನೀರಿಗೂ ಮೆಕ್ಕೆಜೋಳ, ಶೇಂಗಾಕ್ಕೂ ಹೊಲಕ್ಕಿಳಿಯುತ್ತದೆ, ನಸುಕಿನಲ್ಲಿ ಬಯಲಿಗೆ ಹೋದವರು ಎದುರಾಗುತ್ತಾರೆ. ಲಂಟಾನ ಪೊದೆ ಹಬ್ಬಿದ ಕಡೆ ಅದು ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ಪಕ್ಕದ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಒಣ ಕಾಡನ್ನು ಕೊಂಡುಕುರಿಗಾಗಿಯೇ 2011ರಲ್ಲಿ ವನ್ಯಜೀವಿಧಾಮ ಮಾಡಲಾಯಿತು. ಗಂಡಿನ ತಲೆಯ ಮೇಲೆ ನಾಲ್ಕು ಕೊಂಬಿರುವ, ಆಡಿನಷ್ಟೇ ಎತ್ತರದ ಈ ನಾಚಿಕೆಯ ಪ್ರಾಣಿ ನೀರಿನಿಂದ ದೂರ ಬದುಕಲಾರದು. ಹುಲ್ಲು ಮತ್ತು ನೀರಿನ ಗುಂಡಿ ಎರಡೂ ಉಳಿದಿರುವ ಕಡೆ ಮಾತ್ರ ಅದು ಉಳಿದಿದೆ.

ಬೆಟ್ಟದ ನೆತ್ತಿಯ ಗಾಳಿಯಂತ್ರಗಳ ಬಗ್ಗೆ ಒಂದು ಮಾತು. ವಿದ್ಯುತ್ತು ಬೇಕು, ಗಾಳಿಯ ವಿದ್ಯುತ್ತು ಕಲ್ಲಿದ್ದಲಿಗಿಂತ ಒಳ್ಳೆಯದು. ಆದರೆ ಅಷ್ಟುದ್ದದ ರೆಕ್ಕೆಯನ್ನು ಮೇಲಕ್ಕೆ ಸಾಗಿಸಲು ಕಡಿದ ಅಗಲವಾದ ರಸ್ತೆಗಳು ಮಳೆಗಾಲದಲ್ಲಿ ಹಳ್ಳಗಳಾಗುತ್ತವೆ, ಅವುಗಳ ಬದಿಯ ಚರಂಡಿ ಸರಿಯಿಲ್ಲದಿದ್ದರೆ ಬೆಟ್ಟ ಹಿಡಿದಿಟ್ಟುಕೊಳ್ಳಬೇಕಾದ ನೀರು ಅಲ್ಲಿಂದಲೇ ಜಾರಿಹೋಗುತ್ತದೆ.

ಬೆಟ್ಟದ ಬುಡದ ಒಂದು ಹಟ್ಟಿಯಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿಯಿದೆ. ಮಳೆ ಬಿದ್ದ ವಾರ ಅದರ ನೀರು ಅಷ್ಟಾಗಿ ಏರುವುದಿಲ್ಲ. ಚಿತ್ತೆ ಮಳೆ ಕಳೆದು, ದೀಪಾವಳಿ ಮುಗಿದು, ಆಕಾಶ ತಿಳಿಯಾದ ಮೇಲೆ ಮೆಟ್ಟಿಲುಗಳು ಒಂದೊಂದಾಗಿ ಮುಳುಗುತ್ತವೆ. ಬೆಟ್ಟದ ಮೇಲೆ ಬೆಂಕಿ ಬಿದ್ದ ವರ್ಷ ಮಳೆ ಎಷ್ಟೇ ಆದರೂ ಒಂದೆರಡು ಮೆಟ್ಟಿಲು ಕಡಿಮೆಯೇ ಮುಳುಗುತ್ತವೆ ಎಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಶಿವರಾತ್ರಿಯ ಬೆಳಿಗ್ಗೆ ಎಷ್ಟು ಮೆಟ್ಟಿಲು ಹೊರಗೆ ಕಾಣುತ್ತಿವೆ ಎಂದು ಎಣಿಸಿ, ಉಗಾದಿಯವರೆಗೆ ಎಷ್ಟು ಕುರಿ ಇಟ್ಟುಕೊಳ್ಳುವುದು, ಎಷ್ಟನ್ನು ಸಂತೆಗೆ ಹೊಡೆಯುವುದು ಎಂದು ಅವರು ನಿರ್ಧರಿಸುತ್ತಾರೆ.